ಕೊಸರು ಮುದ್ದೆಯನ್ನು ತಿರಸ್ಕರಿಸಿದ ಟೆಂಡರ್ ಯಂತ್ರಕ್ಕೆ

ಮಾಲೂರು ಕೈಗಾರಿಕಾ ಪ್ರದೇಶದ ಬಿಡಿಭಾಗಗಳ ಕಾರ್ಖಾನೆಯೊಂದರ ತಣ್ಣನೆಯ ಕೊಠಡಿಯಲ್ಲಿ ವಿರಾಜಮಾನವಾಗಿರುವ, ಹಸಿವು ನಿದ್ರೆ ನೀರಡಿಕೆಗಳನ್ನು ಗೆದ್ದು ಕುಳಿತಿರುವ, ಟೆಂಡರ್ ಅರ್ಜಿಗಳನ್ನು ಮನುಷ್ಯರ ಕೈ ಸೋಕದಂತೆ ಪರಿಶೀಲಿಸಿ ಪಾಸು ಫೇಲು ಮಾಡುವ ಮಾನ್ಯ ಯಂತ್ರ ಮಹಾಶಯರೇ,

ವಕ್ಕಲೇರಿಯಿಂದ ಕೋದಂಡರಾಮಪ್ಪ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ, ತಮ್ಮ ಕಡೆ ಕರೆಂಟು, ನೆಟ್‌ವರ್ಕು, ಎ.ಸಿ. ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ತಮಗೆ ಸಂಸಾರ ಇದೆಯೋ ಇಲ್ಲವೋ ತಿಳಿಯದು. ಇದ್ದ ಪಕ್ಷದಲ್ಲಿ ಮನೆಯವರನ್ನೂ ಮಕ್ಕಳನ್ನೂ, ಇಲ್ಲದ ಪಕ್ಷದಲ್ಲಿ ಪಕ್ಕದ ಮೇಜಿನ ಪ್ರಿಂಟರ್ ಅವರನ್ನೂ ಕೇಳಿದೆನೆಂದು ತಿಳಿಸಬೇಕಾಗಿ ವಿನಂತಿ.

ತಾವು ನಮಗೆ ಕಳಿಸಿದ ಪತ್ರದ ಕೊನೆಯಲ್ಲಿ ‘ಇದು ಯಂತ್ರ ಬರೆದ ಪತ್ರ, ದಯವಿಟ್ಟು ಉತ್ತರಿಸಬೇಡಿ’ ಎಂದು ಅಪ್ಪಣೆಯಾಗಿತ್ತು. ನಮ್ಮ ಕಡೆ ತಮ್ಮ ಮಾತು ಹೇಳಿ ಮುಗಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವ ಹಕ್ಕು ಗಂಡಿನ ಕಡೆಯ ಬೀಗರಿಗೆ ಮಾತ್ರ ಇದೆ, ಅದೂ ಛತ್ರದಲ್ಲಿ ಪಾಯಸ ಬಡಿಸುವ ತನಕ ಮಾತ್ರ. ಆದರೂ ತಮ್ಮ ಮಾತಿಗೆ ಗೌರವ ಕೊಟ್ಟು ನಾನು ತಮಗೆ ಉತ್ತರಿಸುತ್ತಿಲ್ಲ. ಈ ಪತ್ರವನ್ನು ಹಳದಿ ಕಾಗದದ ಮೇಲೆ ಅಚ್ಚು ಹಾಕಿಸಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬಸ್ ನಿಲ್ದಾಣಗಳಲ್ಲಿ ಅಂಟಿಸಿದ್ದೇನೆ. ತಾವು ಯಾವ ಊರಿನ ಬಸ್ಸಿಗೆ ಕಾಯುತ್ತೀರೋ ತಿಳಿಯದ್ದರಿಂದ ನಾಲ್ಕು ಊರಿಗೂ ಮೈದಾಹಿಟ್ಟಿನ ಗೋಂದು ಖರ್ಚಾಯಿತು. ಮುಳಬಾಗಿಲಿನಲ್ಲಿ ಒಂದು ಪ್ರತಿಯನ್ನು ದೋಸೆ ಹೋಟೆಲಿನ ಕೈತೊಳೆಯುವ ತೊಟ್ಟಿಯ ಮೇಲೂ ಅಂಟಿಸಿದ್ದೇವೆ, ಏಕೆಂದರೆ ಜಿಲ್ಲೆಯಲ್ಲಿ ಜನ ನಿಂತು ಓದುವ ಜಾಗ ಅದೊಂದೇ.

ತಾವು ನಮ್ಮನ್ನು ಬರೀ ‘ಅರ್ಜಿದಾರರು’ ಎಂದು ಕರೆದಿರುವುದರಿಂದ ನಮ್ಮ ಪರಿಚಯ ಹೇಳಿಕೊಳ್ಳುವುದು ನನ್ನ ಧರ್ಮ. ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ವರ್ಷಾನುಗಟ್ಟಲೆ ಹರಾಜು ಕೂಗಿ ಗಂಟಲು ಕೆಡಿಸಿಕೊಂಡು, ಈಗ ನನ್ನ ಹೆಂಡತಿ ಅನಸೂಯಮ್ಮನ ಅಡುಗೆ ತಂಡದ ಕಾಗದಪತ್ರ ನೋಡಿಕೊಳ್ಳುವ ಉದ್ಯೋಗದಲ್ಲಿದ್ದೇನೆ. ತಂಡ ಎಂದರೆ ಮೂರು ಜನ ಹೆಂಗಸರು. ಸಾರು ಕುದಿಸಲು ಅನಸೂಯಮ್ಮ, ಮುದ್ದೆಗೆ ತಾಯಲೂರಿನ ಅಂಜಮ್ಮ, ಪಲ್ಯ ಕೋಸಂಬರಿ ಮತ್ತು ಜಗಳಕ್ಕೆ ಹೋಳೂರಿನ ಮುನಿಶಾಮಮ್ಮ. ಇವರು ಮೂವರೂ ಸೇರಿ ಸುತ್ತಲಿನ ಎಷ್ಟೋ ಮದುವೆಗಳಿಗೆ ಬೇಯಿಸಿ ಹಾಕಿದ್ದಾರೆ. ಆದರೆ ಈಚೆಗೆ ಮದುವೆಮನೆಗಳಿಗೆ ಗೋಬಿ ಮಂಚೂರಿ ಕಾಲಿಟ್ಟು, ಟೋಪಿ ಹಾಕಿದ ಅಡುಗೆಯವರು ಬಂದು, ನಮಗೆ ನಾಮಕರಣ ಮತ್ತು ತಿಥಿಗಳಷ್ಟೇ ಉಳಿದವು. ಆಷಾಢಕ್ಕೆ ಮುಂಚೆ ಅಂಜಮ್ಮ, ಇನ್ನು ಹೊಸೂರಿನ ಮಗಳ ಮನೆಗೆ ಹೋಗಿ ಇದ್ದುಬಿಡುತ್ತೇನೆ ಎಂದಳು. ಮುನಿಶಾಮಮ್ಮ ಗುಲಾಬಿ ಹೂವು ಕಟ್ಟಿ ಪ್ಯಾಕ್ ಮಾಡುವ ಕಡೆ ಕೆಲಸ ವಿಚಾರಿಸಿ ಬಂದಿದ್ದಳು. ಒಂದೇ ಒಲೆಯ ಮುಂದೆ ಬೈದಾಡಿಕೊಂಡು ಬೆವರಿದ ಮೂರು ಜನ ಮೂರು ದಿಕ್ಕಾಗುವುದನ್ನು ತಪ್ಪಿಸಲು ವರ್ಷವಿಡೀ ನಡೆಯುವ ಒಂದು ಕೆಲಸ ಬೇಕಿತ್ತು. ಅಂಥ ಹೊತ್ತಿನಲ್ಲಿ ತಮ್ಮ ಕಾರ್ಖಾನೆಯ ಕ್ಯಾಂಟೀನಿಗೆ ಮಧ್ಯಾಹ್ನದ ಮುದ್ದೆ ಊಟ ಒದಗಿಸುವ ಟೆಂಡರ್ ಬಂದಿತು, ನಾವು ಅದನ್ನು ದೇವರೇ ಕಳಿಸಿದನೆಂದು ತಿಳಿದೆವು. ಕಳಿಸಿದವರು ತಾವೆಂದು ಆಮೇಲೆ ತಿಳಿಯಿತು.

ಟೆಂಡರ್ ಎಂಬುದರ ಗಂಧಗಾಳಿ ಇಲ್ಲದ ನಾನು ಮೊದಲ ದಿನವೇ ಒಂದು ಅನಾಹುತ ಮಾಡುವವನಿದ್ದೆ. ಮಂಡಿಯಲ್ಲಿ ಬೆಲೆ ಏರಿಸಿ ಏರಿಸಿ ಕೂಗಿ ಅಭ್ಯಾಸವಾದ ನಾಲಗೆ ನನ್ನದು; ಹೆಚ್ಚು ಕೂಗಿದವನಿಗೇ ಮಾಲು ಎಂದುಕೊಂಡು, ಎಲ್ಲರಿಗಿಂತ ಮೇಲಿನ ಬೆಲೆ ಬರೆದು ತಮ್ಮನ್ನು ಬೆಚ್ಚಿಬೀಳಿಸಲು ಸಿದ್ಧನಾಗಿದ್ದೆ. ಕೋಲಾರದ ಬಸ್ ನಿಲ್ದಾಣದ ಹಿಂದೆ ಸೈಬರ್ ಸೆಂಟರ್ ಇಟ್ಟುಕೊಂಡಿರುವ ಕದಿರೇಶ್, “ಅಣ್ಣೋ, ಇದು ಮಂಡಿ ಅಲ್ಲ ಕಣಣ್ಣೋ, ಇಲ್ಲಿ ಕಮ್ಮಿ ಕೂಗಿದೋನೇ ಗೆಲ್ಲೋದು” ಎಂದು ತಡೆದ. ಆಗ ನಾನು, ಒಂದಿಷ್ಟು ಏರಿಸಿಯೇ ಬರೆಯೋಣ, ಕಾರ್ಖಾನೆಯವರು ಚೌಕಾಸಿಗೆ ಬಂದಾಗ ಇಳಿಸಿ ಅವರಿಗೂ ಮರ್ಯಾದೆ ಉಳಿಸೋಣ ಎಂದು ವಾದಿಸಿದೆ; ಹೇಳಿದ ಬೆಲೆಗೇ ಕೊಳ್ಳುವ ಗಿರಾಕಿಯನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಅನಸೂಯಮ್ಮ ಒಪ್ಪಲಿಲ್ಲ. “ಉಣ್ಣೋ ಮುದ್ದೆಗೆ ಇಲ್ಲದ ಬೆಲೆ ಏರ್ಸಿ ಆಮೇಲೆ ಇಳ್ಸೋ ನಾಟ್ಕ ನನ್ ತಾವ ಬ್ಯಾಡ. ಎಷ್ಟಾಗ್ತದೋ ಅಷ್ಟು ಬರಿ” ಎಂದಳು, ನಾನು ಬರೆದೆ. ಹೀಗೆ ನನ್ನ ಎರಡು ದೊಡ್ಡ ತಪ್ಪುಗಳು ಅರ್ಜಿ ತುಂಬುವ ಮೊದಲೇ ತಪ್ಪಿಹೋದವು, ಮತ್ತು ನಾನು ಟೆಂಡರ್ ಶಾಸ್ತ್ರದಲ್ಲಿ ಪಾರಂಗತನಾದೆನೆಂದು ಭಾವಿಸಿದೆ.

ಅರ್ಜಿಗೆ ಮುಂಚಿನ ಸಭೆಗೆ ತಮ್ಮ ಕಾರ್ಖಾನೆಗೆ ಬಂದಿದ್ದೆವು, ತಾವು ಬಹುಶಃ ಒಳಗಿದ್ದಿರಿ. ಸಭೆ ನಡೆಸಿದವರು ತಮ್ಮ ಖರೀದಿ ಅಧಿಕಾರಿ ಶ್ರೀ ಸುರೇಶ್ ಅವರು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಅವರು ವಿಚಾರಿಸಿದಾಗ, ಬಂದಿದ್ದ ಗುತ್ತಿಗೆದಾರರೆಲ್ಲ ತೊಡೆಯ ಮೇಲೆ ಫೈಲು ಇಟ್ಟುಕೊಂಡು, ಕೇಳಿದರೆ ಎಲ್ಲಿ ದಡ್ಡರಾಗುತ್ತೇವೋ ಎಂದು ಗಂಭೀರವಾಗಿ ಫ್ಯಾನು ನೋಡುತ್ತಿದ್ದರು. ಅನಸೂಯಮ್ಮ ಮಾತ್ರ ಎದ್ದು ನಿಂತು, “ರಾತ್ರಿ ಪಾಳಿ ಮುಗ್ಸಿ ಓಟಿ ಮಾಡೋರು ಬೆಳಗ್ಗೆ ಏನ್ ತಿಂದಿರ್ತಾರೆ ಸಾರ್, ಅವ್ರಿಗೆ ಮುದ್ದೆ ದಪ್ಪ ಕಟ್ಬೇಕಾಗ್ತದೆ” ಎಂದು ಕೇಳಿದಳು. ಅದು ದಾಖಲೆಯಲ್ಲಿ ಇಲ್ಲ ಎಂದು ಸುರೇಶ್ ಅವರು ಹೇಳಿದರು, ಫ್ಯಾನು ನೋಡುತ್ತಿದ್ದವರೆಲ್ಲ ನಕ್ಕರು. ಆಮೇಲೆ ಮಾದರಿ ರುಚಿ ನೋಡುವ ಕಾರ್ಯಕ್ರಮ ನಡೆಯಿತು. ಸುರೇಶ್ ಅವರು ಅಂಜಮ್ಮನ ಮುದ್ದೆಯನ್ನು ಚಮಚದಿಂದ ಕತ್ತರಿಸಲು ಹೋಗಿ, ಚಮಚ ಬಾಗಿ, ಕೊನೆಗೆ ಕೈ ತೊಳೆದುಕೊಂಡು ಬಂದು ಹುರುಳಿ ಕಟ್ಟಿನ ಸಾರಿನಲ್ಲಿ ಅದ್ದಿ ನುಂಗಿದರು. ನುಂಗಿದ ಮೇಲೆ ಸ್ವಲ್ಪ ಹೊತ್ತು ಅವರು ಅಧಿಕಾರಿಯೇ ಆಗಿರಲಿಲ್ಲ. “ಇನ್ನೊಂಚೂರು ಇದ್ರೆ ಹಾಕಿ” ಎಂದು ತಟ್ಟೆ ಮುಂದೆ ಮಾಡಿದರು, ಅಂಜಮ್ಮ ಹಾಕಿದಳು, ದಾಖಲೆಯಲ್ಲಿ ಅದೂ ಇಲ್ಲ.

ಇನ್ನು ಅರ್ಜಿಯ ವಿಷಯ. ಕದಿರೇಶ್ ಕೆಲಸಗಾರ ಮನುಷ್ಯ, ಆದರೆ ಯಾವ ಅರ್ಜಿಯನ್ನೂ ಹೊಸದಾಗಿ ಬರೆಯುವವನಲ್ಲ. ಹಿಂದಿನ ಗಿರಾಕಿಯ ಅರ್ಜಿಯಲ್ಲಿ ಹೆಸರು ಬದಲಾಯಿಸಿ ಮುಂದಿನವನಿಗೆ ಕೊಡುವುದು ಅವನ ಪದ್ಧತಿ. ನಮಗೆ ಮುಂಚೆ ಬಂದಿದ್ದ ಗಿರಾಕಿ ಕೊಳವೆಬಾವಿ ಕೊರೆಯುವ ಗುತ್ತಿಗೆದಾರ. ಆದ್ದರಿಂದ ನಮ್ಮ ಅರ್ಜಿಯಲ್ಲಿ, ತಮ್ಮ ಕಾರ್ಮಿಕರಿಗೆ ಬಿಸಿ ಬಿಸಿ ಮುದ್ದೆಯನ್ನು ಗಟ್ಟಿ ಕಲ್ಲು ಸಿಕ್ಕುವವರೆಗೂ ಒದಗಿಸುವುದಾಗಿಯೂ, ಊಟದ ಗುಣಮಟ್ಟಕ್ಕೆ ತಕ್ಕ ಕೇಸಿಂಗ್ ಪೈಪನ್ನು ನಾವೇ ಇಳಿಸುವುದಾಗಿಯೂ, ಒಂದು ಕಡೆ ಸಾರು ಬಾರದಿದ್ದಲ್ಲಿ ದೇವರು ತೋರಿಸಿದ ಇನ್ನೊಂದು ಕಡೆ ಕೊರೆದುಕೊಡುವುದಾಗಿಯೂ ಮೂರೂ ಜನ ಹೆಂಗಸರು ಸಹಿ ಹಾಕಿ ಪ್ರಮಾಣ ಮಾಡಿದ್ದರು. ಇದು ನಮ್ಮ ಗಮನಕ್ಕೆ ಬಂದದ್ದು ಅರ್ಜಿ ಹೋದ ಮೇಲೆ, ಮುನಿಶಾಮಮ್ಮ ತನ್ನ ಪ್ರತಿಯನ್ನು ಮೊಮ್ಮಗಳ ಕೈಯಲ್ಲಿ ಓದಿಸಿದಾಗ. ಆಕೆ ಕದಿರೇಶನ ಅಂಗಡಿಗೆ ಹೋಗಿ ಏನು ಹೇಳಿದಳೆಂಬುದನ್ನು ಬಸ್ ನಿಲ್ದಾಣದಲ್ಲಿ ಅಂಟಿಸುವ ಕಾಗದದಲ್ಲಿ ಬರೆಯಲಾಗುವುದಿಲ್ಲ. ನಮ್ಮ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದೆವು.

ಆದರೆ ತಮ್ಮ ಔದಾರ್ಯ ಎಂಥದ್ದು. ತಾವು ಆ ಕೇಸಿಂಗ್ ಪೈಪನ್ನು ಓದಿ, ಒಪ್ಪಿ, ‘ತಾಂತ್ರಿಕ ಸಾಮರ್ಥ್ಯ’ ಎಂಬ ಅಂಕಣದಲ್ಲಿ ನಮಗೆ ಪೂರ್ಣ ಅಂಕ ದಯಪಾಲಿಸಿದಿರಿ. ಬೆಲೆಯ ಅಂಕಣದಲ್ಲಿ ನಮ್ಮದೇ ಎಲ್ಲರಿಗಿಂತ ಕಡಿಮೆ ಎಂದು ತಾವೇ ಬರೆದಿರಿ. ತಮಗೆ ಸಹಿಸಲಾಗದೆ ಹೋದದ್ದು ಒಂದೇ ಒಂದು. ಪ್ರಮಾಣದ ಅಂಕಣದಲ್ಲಿ, ಇಷ್ಟು ಮುದ್ದೆ ಎಂದು ತಾವು ಕೇಳಿದ್ದ ಜಾಗದಲ್ಲಿ ಅನಸೂಯಮ್ಮ ಅಷ್ಟನ್ನೂ ಒಪ್ಪಿಕೊಂಡು, ಮುಂದೆ ತನ್ನ ಕೈಯಾರೆ ‘ಮತ್ತು ಕೊಸರು’ ಎಂದು ಬರೆದಿದ್ದಳು, ಬೆಲೆಯನ್ನು ಕಿಂಚಿತ್ತೂ ಏರಿಸದೆ. ‘ಕೋರಿದ ಪ್ರಮಾಣಕ್ಕಿಂತ ಹೆಚ್ಚು ನೀಡಲು ಮುಂದಾಗಿರುವುದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ತಮ್ಮ ವಾಕ್ಯವನ್ನು ನಾನು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. ಕಡಿಮೆ ಕೊಟ್ಟು ಸಿಕ್ಕಿಬಿದ್ದವರನ್ನು ಮಂಡಿಯಲ್ಲಿ ಬಹಳ ಜನ ನೋಡಿದ್ದೇನೆ, ಹೆಚ್ಚು ಕೊಟ್ಟು ಸಿಕ್ಕಿಬಿದ್ದವರು ನಮ್ಮ ಮನೆಯಲ್ಲೇ ಮೊದಲು.

ಕೊಸರು ಎಂದರೆ ಏನೆಂದು ತಮಗೆ ಯಾರೂ ಹೇಳಿಕೊಟ್ಟಿಲ್ಲದಿರಬಹುದು, ಅದು ತಮ್ಮ ತಪ್ಪಲ್ಲ, ತಮ್ಮನ್ನು ಹಡೆದ ಕಂಪನಿಯದು. ಅಳೆದು ಕೊಟ್ಟ ಮೇಲೆ ಅಳೆಯದೆ ಕೊಡುವುದಕ್ಕೆ ಕೊಸರು ಎನ್ನುತ್ತಾರೆ. ನಮ್ಮಲ್ಲಿ ಹೂವಿನವಳು ಮೊಳ ಹಾಕಿದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸುತ್ತಾಳೆ, ಹಾಲಿನವಳು ಲೋಟ ತುಂಬಿಸಿದ ಮೇಲೆ ಮತ್ತೊಂದು ಧಾರೆ ಬಿಡುತ್ತಾಳೆ, ಮಂಡಿಗೆ ಬರುವ ಟೊಮೆಟೊ ಬಾಕ್ಸು ಗೋಪುರ ಕಟ್ಟಿಕೊಂಡೇ ಬರುತ್ತದೆ. ಅನಸೂಯಮ್ಮನಿಗೆ ಮಾತ್ರ ಇದು ವಾಡಿಕೆಯಷ್ಟೇ ಅಲ್ಲ, ಅಡುಗೆಯ ಲೆಕ್ಕ. “ಎಣ್ಸಿ ಕಟ್ಟಿದ್ರೆ ಕೊನೇ ಪಂಕ್ತಿಯೋನಿಗೆ ಮುದ್ದೆ ಸಣ್ಣಗಾಗ್ತದೆ. ಕೊನೇಗೆ ಬರೋನೇ ಕಣ್ರೀ ಜಾಸ್ತಿ ಹಸ್ಕೊಂಡಿರೋದು” ಎನ್ನುವುದು ಅವಳ ಮಾತು. ಯಾವ ಮದುವೆಯಲ್ಲೂ ಅವಳ ಕೊನೆಯ ಪಂಕ್ತಿ ಮೊದಲ ಪಂಕ್ತಿಗಿಂತ ಕಡಿಮೆ ಉಂಡದ್ದನ್ನು ನಾನು ನೋಡಿಲ್ಲ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಆದರೂ ತಮ್ಮ ನ್ಯಾಯ ನನಗೆ ಬಹಳ ಹಿಡಿಸಿತು, ಯಂತ್ರ ಮಹಾಶಯರೇ. ಇಷ್ಟು ಒಳ್ಳೆಯ ನ್ಯಾಯವನ್ನು ಒಂದು ಕ್ಯಾಂಟೀನಿಗೆ ಖರ್ಚು ಮಾಡಿ ಮುಗಿಸುವುದು ತರವಲ್ಲ, ಜಿಲ್ಲೆಗೆಲ್ಲ ಹಂಚಬೇಕು. ಮೊದಲಿಗೆ ತಾವು ಶ್ರೀನಿವಾಸಪುರಕ್ಕೆ ದಯಮಾಡಿಸಿ ಅಲ್ಲಿನ ಮಾವಿನ ಮರಗಳಿಗೆ ನೋಟೀಸು ಕೊಡಬೇಕು. ತೋಟದವನು ಕೋರಿದ್ದಕ್ಕಿಂತ ಹೆಚ್ಚು ಕಾಯಿ ಬಿಟ್ಟು ಕೊಂಬೆ ಮುರಿದುಕೊಳ್ಳುವ ಚಾಳಿ ಅವಕ್ಕಿದೆ. ತಾಯಲೂರಿನ ಕೆರೆ ಒಂದು ಮಳೆಗಾಲದಲ್ಲಿ ಕಟ್ಟೆಯೊಳಗೆ ನಿಲ್ಲದೆ ಕೋಡಿ ಹರಿದು ಊರಿಗೆಲ್ಲ ಮೀನು ಹಂಚಿತು, ಅದನ್ನು ಕಪ್ಪು ಪಟ್ಟಿಗೆ ಸೇರಿಸಬೇಕು. ನಮ್ಮ ಪಕ್ಕದ ಮನೆಯ ಹುಂಜ ಬೆಳಗಿಗೆ ಒಂದು ಸಲ ಕೂಗಿದರೆ ಸಾಕೆಂದು ತಿಳಿಸಿದರೂ ಕೊಸರು ಹಾಕಿ ಕೂಗುತ್ತದೆ, ಅದರ ಠೇವಣಿ ಮುಟ್ಟುಗೋಲು ಹಾಕಿಕೊಳ್ಳಬೇಕು. ಪುರಸೊತ್ತಾದರೆ ನಮ್ಮ ಅತ್ತೆಯವರನ್ನೂ ಪರಿಶೀಲಿಸಬೇಕು. ಅವರು ಮನೆಗೆ ಬಂದು ಎರಡು ದಿನ ಇರುತ್ತೇನೆಂದು ಹೇಳಿ ಶ್ರಾವಣ ಕಳೆಯುತ್ತಾರೆ. ಟೆಂಡರ್ ಹಾಕುವ ಬಡಪಾಯಿಗಳಿಗಾಗಿ ತಾವೊಂದು ನೀತಿಪಾಠದ ಪುಸ್ತಕ ಹೊರತರಬೇಕೆಂದೂ ನನ್ನ ಪ್ರಾರ್ಥನೆ. ದಾಖಲೆಯನ್ನು ಕೊನೆಯವರೆಗೆ ಓದಿ, ಇನ್ನೊಬ್ಬರ ಅರ್ಜಿ ನಕಲು ಮಾಡಬೇಡಿ, ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ, ಇಲ್ಲದ ಬೆಲೆ ಏರಿಸಬೇಡಿ ಎಂಬ ಸಣ್ಣಪುಟ್ಟ ಬುದ್ಧಿಮಾತುಗಳನ್ನು ಹಿಂದಿನ ಪುಟಗಳಲ್ಲಿ ಹಾಕಿ, ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ಯಾವ ಕಾರಣಕ್ಕೂ ಒಳ್ಳೆಯವರಾಗಬೇಡಿ’ ಎಂದು ಅಚ್ಚು ಹಾಕಿಸಿದರೆ ಸಾಕು. ಗೋಂದಿನ ಖರ್ಚು ನಾನು ಕೊಡುತ್ತೇನೆ.

ತಮಾಷೆ ಸಾಕು. ತಮ್ಮ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಏನಾಯಿತೆಂದು ತಾವು ತಿಳಿಯಬೇಕು. ಅನಸೂಯಮ್ಮ ಫೋನಿನಲ್ಲಿ ಬಂದದ್ದನ್ನು ನನ್ನ ಕೈಯಲ್ಲಿ ಓದಿಸಿಕೊಂಡು, ಹಿತ್ತಿಲಿಗೆ ಹೋಗಿ, ಮದುವೆಮನೆಯ ಕೊಳದಪ್ಪಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಗೋಡೆಗೆ ಬೋರಲು ಹಾಕಿದಳು. ಅಡುಗೆಯವರ ಮನೆಯಲ್ಲಿ ಆ ಪಾತ್ರೆ ಬೋರಲಾದರೆ ಕೆಲಸ ಬಿಟ್ಟರೆಂದೇ ಅರ್ಥ. ನನಗೆ ಬಹಳ ಸಂಕಟವಾಯಿತು. ಅಂಜಮ್ಮ ಬಂದು, “ಪೋನೀಲೇ, ಹೋಗ್ಲಿ ಬಿಡು ಅನಸೂಯಕ್ಕಾ, ಹೊಟ್ಟೆ ಇಲ್ದಿರೋದ್ಕೆ ಕೊಸರು ಎಂಗ್ ಗೊತ್ತಾಗ್ತದೆ” ಎಂದು ತೆಲುಗೂ ಕನ್ನಡವೂ ಸೇರಿಸಿ ಸಮಾಧಾನ ಹೇಳಿದಳೇ ಹೊರತು, ಹೊಸೂರಿಗೆ ಹೋಗಲು ಅವಳ ಬಟ್ಟೆಯ ಗಂಟು ಆಗಲೇ ಕಟ್ಟಿತ್ತು.

ಗುತ್ತಿಗೆಯನ್ನು ತಾವು ದೂರದ ಒಂದು ದೊಡ್ಡ ಸಂಸ್ಥೆಗೆ ದಯಪಾಲಿಸಿದಿರಿ. ಅವರ ಅರ್ಜಿಯಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲವಂತೆ, ನಾನದನ್ನು ತುಂಬುಹೃದಯದಿಂದ ನಂಬುತ್ತೇನೆ. ಅವರ ಮುದ್ದೆ ಅಚ್ಚಿನಲ್ಲಿ ಹಾಕಿ ತೆಗೆದದ್ದು, ಎಲ್ಲವೂ ಒಂದೇ ತೂಕ, ಒಂದೇ ದುಂಡು, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಅದಕ್ಕಿದ್ದ ಕೊರತೆ ಒಂದೇ, ಅದನ್ನು ಅಗಿಯಬೇಕಾಗಿತ್ತು. ಮುದ್ದೆಯನ್ನು ಅಗಿಯುವುದೆಂದರೆ ಈ ಸೀಮೆಯಲ್ಲಿ ಎಂಥ ಅವಮಾನವೆಂದು ತಮಗೆ ಹೇಗೆ ತಿಳಿಸಲಿ. ನಮ್ಮಲ್ಲಿ ಹಲ್ಲು ಬಾರದ ಕೂಸೂ ಹಲ್ಲು ಹೋದ ಮುದುಕನೂ ಒಂದೇ ಸಮ ನುಂಗುವ ಪದಾರ್ಥ ಅದು. ತಮ್ಮ ಕಾರ್ಮಿಕರು ಮೊದಲ ದಿನ ಅಗಿದರು, ಎರಡನೆಯ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಗಿದರು, ಆಮೇಲೆ ಅವರು ಮುದ್ದೆಯನ್ನು ನೆಲಕ್ಕೆ ಪುಟಿಸಿ ಕ್ಯಾಚ್ ಹಿಡಿಯುವ ಪಂದ್ಯ ಆಡತೊಡಗಿದರೆಂದು ಕೇಳಿದ್ದೇನೆ. ಕೊನೆಯ ಪಂಕ್ತಿಯವರಿಗೆ ಆಡಲೂ ಮುದ್ದೆ ಸಿಗುತ್ತಿರಲಿಲ್ಲವಂತೆ, ಏಕೆಂದರೆ ಎಣಿಸಿದ್ದು ಎಣಿಸಿದಷ್ಟೇ.

ಈ ಸುದ್ದಿಯನ್ನು ತಂದವಳು ಮುನಿಶಾಮಮ್ಮ. ಅವಳು ಹಿತ್ತಿಲಿಗೆ ನುಗ್ಗಿ, ಅನಸೂಯಮ್ಮನನ್ನು ಕೇಳದೆ ಕೊಳದಪ್ಪಲೆಯನ್ನು ಎತ್ತಿ ನೆಟ್ಟಗೆ ಕೂರಿಸಿ, “ಟೆಂಡರ್ಗೆ ಅಂತ ಬೀಸ್ಸಿರೋ ರಾಗಿ ಹುಳ ಹಿಡಿಯೋಕ್ ಮುಂಚೆ ಎದ್ದೇಳೇ, ಗೇಟ್ ಒಳ್ಗೆ ಬಿಡ್ದಿದ್ರೆ ಗೇಟ್ ಹೊರ್ಗೆ ಕುಂತ್ಕಳಾನ” ಎಂದು ಗದರಿದಳು. ಮರುದಿನ ತಮ್ಮ ಕಾರ್ಖಾನೆಯ ಗೇಟಿನ ಎದುರು, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ ಮೂವರೂ ಒಲೆ ಹೂಡಿದರು. ಹೊಂಗೆ ಮರ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೂಡಿದ್ದೇವೆ. ಮೊದಲ ದಿನ ಬಂದವರು ಕೈಬೆರಳಲ್ಲಿ ಎಣಿಸುವಷ್ಟು, ವಾರ ಕಳೆಯುವುದರಲ್ಲಿ ಗೇಟಿನ ಕಾವಲುಗಾರನೂ ತನ್ನ ಕೋಲನ್ನು ಮರಕ್ಕೆ ಒರಗಿಸಿ ಪಂಕ್ತಿಯಲ್ಲಿ ಕುಳಿತ. ಬಸ್ಸಾರು ಇದ್ದ ದಿನ ಬಸ್ಸುಗಳೂ ನಿಲ್ಲುತ್ತವೆ. ಉಂಡು ಏಳುವವರ ತಟ್ಟೆಗೆ ಅಂಜಮ್ಮ ಬೇಡವೆಂದರೂ ಒಂದು ತುಂಡು ಹಾಕುತ್ತಾಳೆ. ಹೊಸೂರಿನ ಬಟ್ಟೆಗಂಟು ಎಲ್ಲಿದೆಯೆಂದು ಕೇಳಿದರೆ, ಅದನ್ನು ಬಿಚ್ಚಿ ಮುದ್ದೆ ಮುಚ್ಚಲು ಬಟ್ಟೆ ಮಾಡಿಕೊಂಡೆ ಎನ್ನುತ್ತಾಳೆ. ನಾನೂ ಸುಮ್ಮನಿಲ್ಲ. ಕೆಟ್ಟ ಗಂಟಲಿನಲ್ಲೇ ಮರದ ಕೆಳಗೆ ನಿಂತು ಮಂಡಿಯ ಧಾಟಿಯಲ್ಲಿ ಸಾರಿನ ಹೆಸರು ಕೂಗುತ್ತೇನೆ, ಅದು ತಮ್ಮ ತಣ್ಣನೆಯ ಕೊಠಡಿಯವರೆಗೂ ಕೇಳುತ್ತದೆಂದು ಆಸೆ.

ಈಗ ತಮ್ಮಿಂದ ಎರಡನೆಯ ಪತ್ರ ಬಂದಿದೆ. ಕ್ಯಾಂಟೀನಿಗೆ ಉಣ್ಣುವವರೇ ಬಾರದ್ದರಿಂದ ದೊಡ್ಡ ಸಂಸ್ಥೆಯವರು ಅಚ್ಚು ಸಮೇತ ಹೊರಟುಹೋಗಿದ್ದಾರೆಂದೂ, ಮರುಟೆಂಡರ್ ಕರೆದಿರುವುದರಿಂದ ನಾವು ಮತ್ತೆ ಅರ್ಜಿ ಹಾಕಬಹುದೆಂದೂ, ಈ ಪತ್ರಕ್ಕೂ ಉತ್ತರಿಸಬಾರದೆಂದೂ ತಾವು ತಿಳಿಸಿದ್ದೀರಿ. ಪ್ರಮಾಣದ ಅಂಕಣ ಹಾಗೆಯೇ ಇದೆ, ಅದರ ಮುಂದೆ ಒಂದಕ್ಷರ ಬರೆಯಲೂ ಜಾಗವಿಲ್ಲದಂತೆ ಗೆರೆ ಬಿಗಿ ಮಾಡಿದ್ದೀರಿ. ವರ್ಷವಿಡೀ ಕೆಲಸ, ತಲೆಯ ಮೇಲೆ ಸೂರು, ಮಳೆಗೆ ನೆನೆಯದ ಒಲೆ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕದಿರೇಶ್ ಪ್ರಾಯಶ್ಚಿತ್ತವಾಗಿ ಪುಕ್ಕಟೆ ಅರ್ಜಿ ತುಂಬುತ್ತೇನೆ ಎಂದೂ, ಕೊಸರು ಒಂದು ಬಿಟ್ಟುಬಿಟ್ಟರೆ ಗುತ್ತಿಗೆ ನಮ್ಮದೇ ಎಂದೂ ಹೇಳಿದ. ಮೂವರು ಹೆಂಗಸರೂ ಒಲೆಯ ಮುಂದೆ ಕುಳಿತು ಬಹಳ ಹೊತ್ತು ಮಾತಾಡಿದರು. ಆಮೇಲೆ ಅನಸೂಯಮ್ಮ ನನ್ನನ್ನು ಕರೆದು, “ಅವ್ರ್ ಕರೆದಂಗೆ ನಾವೂ ಒಂದು ಟೆಂಡರ್ ಕರಿಯಾನ, ಬರ್ಕೋ” ಎಂದಳು.

ಆದಕಾರಣ ತಮಗೆ ತಿಳಿಯಪಡಿಸುವುದೇನೆಂದರೆ, ಅನಸೂಯಮ್ಮನವರ ಮುದ್ದೆ ಉಣ್ಣುವ ಹಕ್ಕಿಗಾಗಿ ಅರ್ಹ ಕಾರ್ಖಾನೆಗಳಿಂದ ಅರ್ಜಿ ಆಹ್ವಾನಿಸಲಾಗಿದೆ. ಪ್ರಕಟಣೆಯನ್ನು ಹೊಂಗೆ ಮರಕ್ಕೆ ಮೊಳೆ ಹೊಡೆದು ತಗುಲಿಸಿದೆ. ಅರ್ಜಿ ಹಾಕುವ ಕಾರ್ಖಾನೆಗೆ ಹಸಿವಿನಲ್ಲಿ ಪೂರ್ವಾನುಭವ ಇರತಕ್ಕದ್ದು. ಅದರ ಅಧಿಕಾರಿಗಳು ಕೊನೆಯ ಪಂಕ್ತಿಯಲ್ಲಿ ಕುಳಿತು ಒಮ್ಮೆಯಾದರೂ ಉಂಡಿರತಕ್ಕದ್ದು. ಅರ್ಜಿಯನ್ನು ಯಂತ್ರದ ಮೂಲಕ ಕಳಿಸುವಂತಿಲ್ಲ, ಮನುಷ್ಯರು ಮರದ ಕೆಳಗೆ ಬಂದು ಖುದ್ದಾಗಿ ಕೊಡಬೇಕು, ರಾಹುಕಾಲದಲ್ಲಿ ಬರುವಂತಿಲ್ಲ. ಲಕೋಟೆಗೆ ಅರಗಿನ ಬದಲು ಬಿಸಿ ರಾಗಿಹಿಟ್ಟಿನ ಮುದ್ರೆ ಒತ್ತತಕ್ಕದ್ದು. ಒಂದೇ ಒಂದು ಷರತ್ತು ಮಾತ್ರ ಸಡಿಲಿಸಲಾಗದ್ದು: ಪ್ರಮಾಣದ ಅಂಕಣದ ಮುಂದೆ ‘ಮತ್ತು ಕೊಸರು’ ಎಂದು ಕಾರ್ಖಾನೆಯೇ ತನ್ನ ಕೈಯಾರೆ ಬರೆದು ಕೇಳಿಕೊಳ್ಳಬೇಕು. ಬರೆಯದವರಿಗೆ ಮುದ್ದೆ ಇಲ್ಲ, ಉಳಿದ ಷರತ್ತುಗಳಲ್ಲಿ ಚೌಕಾಸಿಗೆ ಅವಕಾಶ ಉಂಟು. ತಾವೇ ಖುದ್ದಾಗಿ ಬರುವುದಾದರೆ ತಮ್ಮ ವಯರು ಸಾಲದೆ ಹೋಗಬಹುದೆಂದು ಮುನಿಶಾಮಮ್ಮ ತನ್ನ ಮನೆಯ ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸು ತಂದಿಟ್ಟಿದ್ದಾಳೆ. ನುಂಗುವುದನ್ನು ಅಂಜಮ್ಮ ಕಲಿಸಿಕೊಡುತ್ತಾಳೆ.

ಬೇಡವೆಂದರೂ ಉತ್ತರಿಸಿದ್ದಕ್ಕೆ ಕ್ಷಮೆ ಕೋರುತ್ತಾ, ತಮ್ಮ ಫ್ಯಾನು ನಿರಂತರ ತಿರುಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ
(ಅನಸೂಯಮ್ಮ ಮತ್ತು ತಂಡದ ಪರವಾಗಿ)
ಹೊಂಗೆ ಮರದ ಕೆಳಗೆ, ತಮ್ಮ ಗೇಟಿನ ಎದುರು

ತಾಜಾ ಕಲಂ: ಈ ಪತ್ರ ಅಚ್ಚಿಗೆ ಹೋಗುವ ಹೊತ್ತಿಗೆ ತಮ್ಮ ಖರೀದಿ ಅಧಿಕಾರಿ ಸುರೇಶ್ ಅವರು, ಕಾರ್ಖಾನೆಯ ಪರವಾಗಿ ಅಚ್ಚುಕಟ್ಟಾದ ಅರ್ಜಿ ಹಿಡಿದುಕೊಂಡು ಮರದ ಕೆಳಗೆ ಬಂದಿದ್ದರು. ಕೈ ತೊಳೆದುಕೊಂಡೇ ಬಂದಿದ್ದರು, ಚಮಚ ತಂದಿರಲಿಲ್ಲ. ಅನಸೂಯಮ್ಮ ನನ್ನ ಕೈಯಲ್ಲಿ ಅರ್ಜಿಯನ್ನು ಕೊನೆಯವರೆಗೆ ಓದಿಸಿದಳು. ಎಲ್ಲವೂ ಸರಿಯಿತ್ತು, ಕೊಸರಿನ ಜಾಗವೊಂದು ಖಾಲಿ ಇತ್ತು. ಅದನ್ನು ತುಂಬಲು ಯಂತ್ರ ಬಿಡುವುದಿಲ್ಲ ಎಂದು ಅವರು ತಲೆ ತಗ್ಗಿಸಿ ಹೇಳಿದರು. ನಿಯಮ ನಿಯಮವೇ ಆದ್ದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ, ಸೋಮವಾರ ತಿದ್ದಿಕೊಂಡು ಬರಬಹುದು. ಆದರೆ ಅವರು ಹಸಿದ ಮುಖದಲ್ಲಿ ಎದ್ದು ಹೊರಟಿದ್ದನ್ನು ನೋಡಲಾರದೆ ಅನಸೂಯಮ್ಮ ಕೂರಿಸಿ, ಒಂದು ಮುದ್ದೆ ಉಣ್ಣಲಿಟ್ಟು, ಮೇಲೊಂದು ತುಂಡು ಹಾಕಿ ಕಳಿಸಿದ್ದಾಳೆ. ಆ ತುಂಡು ಯಾವ ಅಂಕಣಕ್ಕೂ ಸೇರುವುದಿಲ್ಲ, ತಾವು ಹುಡುಕಬೇಡಿ.